ಬಲಗಡೆ ಕೇಳಿಸುತ್ತಿಲ್ಲ

ನನ್ನ ಗಂಡನ ಕಿವಿ ಮಂದವಾಗುತ್ತಿದೆ ಎಂದು ಮೊದಲು ಕಂಡುಕೊಂಡವರು ನಮ್ಮ ಅತ್ತೆ. ತಿಪಟೂರಿನ ನಮ್ಮ ಮನೆಯ ಅಟ್ಟದಲ್ಲಿ ಕೊಬ್ಬರಿಗೆಂದು ಹಾಕಿದ್ದ ಕಾಯಿ ಒಣಗುವ ಹೊತ್ತಿಗೆ ಒಂದು ವರ್ಷವಾಗುತ್ತಿತ್ತು. ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರೆ, ಒಳಗಿನ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟಿದ್ದರೆ, ಗಡಗಡ ಎನ್ನುತ್ತದೆ. ಅಂಥದ್ದನ್ನು ಸುಲಿಯಲು ಕೆಳಗೆ ಹಾಕಬೇಕು. ಸದ್ದು ಮಾಡದಿದ್ದರೆ ಅಲ್ಲೇ ಬಿಡಬೇಕು. ಆ ದಿನ ಇವರು ಅಟ್ಟ ಹತ್ತಿ ಕಾಯಿ ಅಲ್ಲಾಡಿಸುತ್ತಿದ್ದರು. ನಾನೂ ಅತ್ತೆಯೂ ಕೆಳಗೆ ಗೋಣಿಚೀಲ ಹಾಸಿಕೊಂಡು ಕಾಯುತ್ತಿದ್ದೆವು. ಇವರು ಒಂದೊಂದೇ ಕಾಯಿ ಅಲ್ಲಾಡಿಸಿ "ಇನ್ನೂ ಆಗಿಲ್ಲ" ಎಂದು ಪಕ್ಕಕ್ಕಿಡುತ್ತಿದ್ದರು. ಗಡಗಡ ಶಬ್ದ ಮಾತ್ರ ನಮಗೆ ಕೆಳಗೇ ಕೇಳುತ್ತಿತ್ತು.

"ಲೋ ಮಗ, ಇಲ್ಲಿ ನಿಂತಿರೋ ನಂಗೇ ಕೇಳ್ತೈತೆ ಕಣಪ್ಪ. ನಿಂಗ್ ಕೇಳಲ್ವೇನೋ?" ಎಂದರು ಅತ್ತೆ.

"ಆ?" ಎಂದರು ಇವರು, ಅಟ್ಟದ ಬಾಗಿಲಿನಿಂದ ತಲೆ ಹೊರಗೆ ಹಾಕಿ.

ಅತ್ತೆ ನನ್ನ ಮುಖ ನೋಡಿದರು. ಇವರು ಕೆಳಗಿಳಿದು ಬಂದು, ಅಟ್ಟದ ಧೂಳು ಕಿವಿಗೆ ಹೋಗಿದೆ, ಅದಕ್ಕೇ ಹೀಗೆ ಎಂದು ನಕ್ಕು ಸ್ನಾನಕ್ಕೆ ಹೋದರು. ಆಗ ಅವರಿಗೆ ಮೂವತ್ತು ದಾಟಿ ಸ್ವಲ್ಪ ಕಾಲವಾಗಿತ್ತಷ್ಟೆ. ಅವರ ಕಸುಬು ರೇಡಿಯೊ ರಿಪೇರಿ.

ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಒಬ್ಬರ ಕೈಕೆಳಗೆ ಕೆಲಸ ಕಲಿತು ಬಂದು, ಕೊಬ್ಬರಿ ಮಾರ್ಕೆಟ್ಟಿಗೂ ಬಸ್ ನಿಲ್ದಾಣಕ್ಕೂ ನಡುವಿನ ಬೀದಿಯಲ್ಲಿ ಒಂದು ಚಿಕ್ಕ ಅಂಗಡಿ ಇಟ್ಟಿದ್ದರು. ರೇಡಿಯೊ, ಟೇಪ್ ರೆಕಾರ್ಡರು ರಿಪೇರಿ, ಕ್ಯಾಸೆಟ್ ಮಾರಾಟ. ನಾನು ತುರುವೇಕೆರೆ ಕಡೆಯವಳು. ದಬ್ಬೇಘಟ್ಟದ ಹತ್ತಿರದ ನಮ್ಮ ಊರಲ್ಲಿ ಇದ್ದದ್ದು ಒಂದೇ ರೇಡಿಯೊ, ಅದೂ ಪಂಚಾಯಿತಿ ಕಟ್ಟಡದಲ್ಲಿ. ಅಂಥವಳಿಗೆ ಗೋಡೆಯ ತುಂಬ ರೇಡಿಯೊ ಇರುವ ಅಂಗಡಿಯವರು ಗಂಡನಾಗಿ ಸಿಕ್ಕಿದ್ದರು. ಮದುವೆಯಾದ ಹೊಸದರಲ್ಲಿ ಮಧ್ಯಾಹ್ನದ ಊಟ ತೆಗೆದುಕೊಂಡು ಹೋಗುವುದೇ ನನಗೆ ದಿನದ ದೊಡ್ಡ ಸಂತೋಷ. ಅವರು ಉಣ್ಣುವಾಗ ನಾನು ಕೌಂಟರಿನ ಹಿಂದೆ ಕೂತು ಹಾಡು ಕೇಳುತ್ತಿದ್ದೆ. ಆ ಮೇಲೆ ಅದೇ ಅಭ್ಯಾಸವಾಗಿ, ಸಂಜೆಯವರೆಗೂ ಅಲ್ಲೇ ಉಳಿಯತೊಡಗಿದೆ. ಹೆಂಗಸು ಅಂಗಡಿಯಲ್ಲಿ ಕೂರುವುದೇ ಎಂದು ಒಂದಿಬ್ಬರು ಅತ್ತೆಯ ಹತ್ತಿರ ಹೇಳಿದರಂತೆ. "ಅವ್ಳ್ ಗಂಡನ್ ಅಂಗಡೀಲಿ ಅವ್ಳ್ ಕುಂತವ್ಳೆ, ನಿಮ್ಗೇನು?" ಎಂದು ಅತ್ತೆ ಕಳಿಸಿದ್ದರು.

ಅಟ್ಟದ ಪ್ರಸಂಗದ ಮೇಲೆ ನಾನು ಗಮನಿಸಲು ಶುರುಮಾಡಿದೆ. ಗಿರಾಕಿಗಳು ರೇಡಿಯೊ ತಂದು "ಸಣ್ಣಗೆ ಕೊರ್ ಅಂತೈತೆ" ಎಂದರೆ ಇವರು ಅದನ್ನು ಎತ್ತಿ ಕಿವಿಗೆ ಆನಿಸಿಕೊಳ್ಳುತ್ತಿದ್ದರು. ಆ ಸಣ್ಣ ಸದ್ದು ಮೇಜಿನಾಚೆ ನನಗೆ ಚೆನ್ನಾಗಿ ಕೇಳುತ್ತಿತ್ತು. ಇವರು ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಆಲಿಸುತ್ತಿದ್ದರು. ಒಂದು ದಿನ ಬೆಂಗಳೂರಿಗೆ ಬಿಡಿಭಾಗ ತರಲು ಹೋದವರು, ಬರುವಾಗ ಒಂದು ಹೆಡ್‌ಫೋನು ತಂದಿದ್ದರು, ಬಹಳ ಖುಷಿಯಲ್ಲಿದ್ದರು. ಚೀಲದಿಂದ ತೆಗೆದು ತೋರಿಸಿದರು. ಕಪ್ಪು ಬಣ್ಣದ್ದು. ಎರಡು ಕಡೆ ತಟ್ಟೆಯಂಥ ಬಟ್ಟಲು, ಬಟ್ಟಲಿನ ಸುತ್ತ ರೆಕ್ಸಿನ್ ಹೊದಿಸಿದ ಸ್ಪಂಜು, ಕಿವಿಯನ್ನು ಪೂರಾ ಮುಚ್ಚಿಬಿಡುವಂಥದ್ದು. ನಡುವೆ ತಲೆಯ ಮೇಲೆ ಕೂರುವ ಪಟ್ಟಿ.

"ಇದ್ರಲ್ಲಿ ಎಲ್ಲಾ ಕೇಳ್ತೈತೆ ಕಣೇ," ಎಂದರು. "ಒಂದು ಸಣ್ಣ ಕಡ್ಡಿ ಬಿದ್ದಂಗಾದ್ರೂ ಕೇಳ್ತೈತೆ."

ನನಗೂ ಹಾಕಿಸಿದರು. ನಾನು ಸಾವಿರ ಸಲ ಕೇಳಿದ್ದ ಹಾಡು. ಆದರೆ ಹಾಡುವಾಕೆ ಸಾಲಿನ ನಡುವೆ ಉಸಿರೆಳೆದುಕೊಳ್ಳುವುದನ್ನು ಕೇಳಿದ್ದು ಅವತ್ತೇ ಮೊದಲು. ಯಾರೋ ಎದುರಿಗೇ ಬಂದು ನಿಂತಂತಾಗಿ ತೆಗೆದು ಕೆಳಗಿಟ್ಟೆ.

ಅಂದಿನಿಂದ ಅವರ ರಿಪೇರಿ ಎಲ್ಲ ಹೆಡ್‌ಫೋನಿನಲ್ಲೇ. ವಾಲ್ಯೂಮು ತಿರುಗಿಸಿ ಜೋರಾಗಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಎಲ್ಲಿ ಕೊರ್ ಎನ್ನುತ್ತಿದೆ ಎಂದು ಹುಡುಕುತ್ತಿದ್ದರು. ಬಟ್ಟಲಿನ ಸಂದಿನಿಂದ ಹೊರಗೆ ಸೋರುವ ಸದ್ದೇ ನನಗೆ ಹಾಡಿನ ಪದ ತಿಳಿಯುವಷ್ಟಿರುತ್ತಿತ್ತು. ಒಳಗೆ ಎಷ್ಟಿತ್ತೋ. ಅವರ ಮುಖದಲ್ಲಿ ಹಳೆಯ ಗೆಲುವು ಮರಳಿತ್ತು. ನನಗೂ ಅಷ್ಟೇ ಸಾಕಾಗಿತ್ತು.

ಇಂಥ ಒಳ್ಳೆಯ ವಸ್ತು ನಮ್ಮ ಕಡೆಯ ಜನಕ್ಕೂ ಸಿಗಬೇಕು ಎಂದು ಅವರಿಗೆ ಅನ್ನಿಸಿತು. ಹೆಸರಾಂತ ಕಂಪನಿಗಳ ಹೆಡ್‌ಫೋನು ಕೊಳ್ಳುವ ಶಕ್ತಿ ಇಲ್ಲಿ ಯಾರಿಗೂ ಇರಲಿಲ್ಲ. ಬೆಂಗಳೂರಿನ ಒಬ್ಬ ಸಗಟು ವ್ಯಾಪಾರಿಯ ಹತ್ತಿರ ಹೆಸರಿಲ್ಲದ ಮಾಲು ಇತ್ತು, ಇವರು ತಂದಿದ್ದೂ ಅದೇ. ನೋಡಲು ದೊಡ್ಡ ಕಂಪನಿಯದರಂತೆಯೇ ಇದ್ದು, ಕಾಲು ಭಾಗದ ಬೆಲೆಗೆ ಬರುತ್ತಿತ್ತು. ಒಂದು ದೊಡ್ಡ ಪೆಟ್ಟಿಗೆ ತುಂಬ ತರಿಸಿದರು. ಅಂಗಡಿಯ ಮುಂದೆ ತಂತಿ ಕಟ್ಟಿ ಸಾಲಾಗಿ ನೇತುಹಾಕಿದರು. ಕೊಬ್ಬರಿ ಹರಾಜಿನ ದಿನ ಹಳ್ಳಿಗಳಿಂದ ಬಂದವರು ನಿಂತು ನೋಡುತ್ತಿದ್ದರು.

"ಇದೇನಣ್ಣ, ಕುದ್ರೆಗೆ ಕಣ್ಪಟ್ಟಿ ಕಟ್ದಂಗೆ ಕಿವಿಗೂ ಕಟ್ಟಾದಾ?" ಎಂದು ಕೇಳಿದವರು ಮಾರ್ಕೆಟ್ಟಿನ ಒಬ್ಬ ಕೊಬ್ಬರಿ ಸಾಹುಕಾರರು. ಆದರೂ ಮೊದಲು ಕೊಂಡವರು ಅವರೇ. ಮಗ ಬಲವಂತ ಮಾಡಿದ್ದನಂತೆ.

ಇವರಲ್ಲಿ ಒಂದು ಪದ್ಧತಿ ಇತ್ತು. ಕೊಂಡವರಿಗೆಲ್ಲ "ಒಂದ್ ವಾರ ಬಳಸಿ, ಆಮೇಲ್ ಬಂದು ಹೆಂಗೈತೆ ಅಂತ ಹೇಳ್ಬೇಕು. ಚೆನ್ನಾಗಿಲ್ಲ ಅಂದ್ರೂ ಹೇಳ್ಬೇಕು" ಎನ್ನುತ್ತಿದ್ದರು. ಜನ ಬಂದು ಹೇಳುತ್ತಿದ್ದರು. ನಮ್ಮ ಕಡೆಯವರಿಗೆ ಅಭಿಪ್ರಾಯ ಹೇಳು ಎಂದರೆ ಬೇರೆ ಹೇಳಬೇಕಾಗಿಲ್ಲ. ಕೌಂಟರಿನ ಮುಂದಿನ ಸ್ಟೂಲಿನ ಮೇಲೆ ಕೂತು, ವಸ್ತುವನ್ನು ತೊಡೆಯ ಮೇಲಿಟ್ಟುಕೊಂಡು, ಎಮ್ಮೆಯ ಸುಳಿ ನೋಡಿದಂತೆ ತಿರುಗಿಸಿ ತಿರುಗಿಸಿ ಹೇಳುತ್ತಿದ್ದರು. ಅವರ ಮಾತಿನಲ್ಲಿ ಅರ್ಧ ಇವರಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ಅವರು ಹೋದಮೇಲೆ ನಾನು ಇವರ ಎದುರಿಗೆ ನಿಂತು ಮತ್ತೆ ಹೇಳುತ್ತಿದ್ದೆ.

ಶೆಟ್ಟಿಕೆರೆಯಿಂದ ಬರುತ್ತಿದ್ದ ಒಬ್ಬ ತೋಟದವರಿಗೆ ಕ್ರಿಕೆಟ್ಟಿನ ಹುಚ್ಚು. ಕಾಮೆಂಟರಿ ಕೇಳಲೆಂದೇ ಕೊಂಡಿದ್ದರು. ಅವರ ಬದಲು ಅವರ ಹೆಂಡತಿ ಬಂದರು. ಬಸ್ಸಿಳಿದು ನೇರ ನಮ್ಮ ಅಂಗಡಿಗೆ.

"ಅಕ್ಕಯ್ಯ, ಮನೇಲಿ ಆ ಕಾಮೆಂಟ್ರಿ ಗಲಾಟೆ ತಪ್ತು, ಅದೊಂದ್ ಒಳ್ಳೇದಾಯ್ತು," ಎಂದರು ನನಗೆ. "ಆದ್ರೆ ಅದ್ನ ಹಾಕ್ಕೊಂಡ್ರೆ ಕರದ್ರೆ ಓ ಅನ್ನಲ್ಲ ಕಣ್ರೀ. ಮೊನ್ನೆ ಹಸ ಕಣ್ಣಿ ಬಿಚ್ಕೊಂಡು ಪಕ್ಕದೋರ್ ರಾಗಿಗೆ ಬಿದ್ದೈತೆ. ನಾನು ಬಾಯ್ ಬಡ್ಕಂತಾ ಇವ್ನಿ, ಇವ್ರು ಜಗ್ಲಿ ಮ್ಯಾಲೆ ಕಣ್ಮುಚ್ಕೊಂಡು ತಲೆ ಆಡಿಸ್ತಾ ಕುಂತವ್ರೆ!"

ನಾನು ನಕ್ಕೆ. ಇವರಿಗೆ ಹೇಳಿದಾಗ ಇವರೂ ನಕ್ಕರು. ಹೆಡ್‌ಫೋನು ಅಷ್ಟು ಚೆನ್ನಾಗಿ ಹೊರಗಿನ ಸದ್ದು ತಡೆಯುತ್ತದೆ ಎಂದಾಯಿತಲ್ಲ ಎಂದು ಹೆಮ್ಮೆಪಟ್ಟರು.

ಕಾಲೇಜಿನ ಒಬ್ಬ ಮೇಷ್ಟರು ಕನ್ನಡಕದವರು. "ಧ್ವನಿ ತೊಂದರೆ ಇಲ್ಲ. ಆದರೆ ಕನ್ನಡಕದ ಕಡ್ಡಿ ಕಿವಿ ಹಿಂದೆ ಒತ್ತಿ ಒತ್ತಿ ಗಾಯ ಆಗಿದೆ. ಗಡಿಗೆಯೊಳಗೆ ತಲೆ ಇಟ್ಟು ಕೇಳಿದ ಹಾಗೂ ಇರುತ್ತೆ ಸ್ವಲ್ಪ," ಎಂದರು. ಇವರು ಅದರ ಪಟ್ಟಿಯನ್ನು ಬಗ್ಗಿಸಿ ಸಡಿಲ ಮಾಡಿಕೊಟ್ಟರು. ಮಸೀದಿ ಬೀದಿಯ ದರ್ಜಿ ಸಾಹೇಬರೊಬ್ಬರು ಮಾತ್ರ ಸಂತೋಷವಾಗಿದ್ದರು. ಹೊಲಿಗೆ ಮಿಷನ್ನಿನ ಸದ್ದಿನಲ್ಲಿ ಅವರಿಗೆ ಎಂದೂ ನೆಟ್ಟಗೆ ಹಾಡು ಕೇಳಿರಲಿಲ್ಲ. "ಏನ್ ಮಜಾ ಐತೆ ಗೊತ್ತಾ ಭಾಯ್! ತಬಲಾದೋನು ಈ ಕಡೆ ಕುಂತವ್ನೆ, ಸಿತಾರ್ ಆ ಕಡೆ. ನಾನು ಮಧ್ಯ ಕುಂತು ಕಾಜ ಹಾಕ್ತಾ ಇವ್ನಿ," ಎನ್ನುತ್ತಿದ್ದರು.

ಎಲ್ಲರೂ ಹೇಳುತ್ತಿದ್ದ ದೂರು ಎರಡು. ಒಂದು ಎಣ್ಣೆಯದು. ನಮ್ಮ ಸೀಮೆಯಲ್ಲಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚದವರು ಯಾರು? ಕೂದಲಿನ ಎಣ್ಣೆ, ಕಿವಿಯ ಬೆವರು ಸೇರಿ ರೆಕ್ಸಿನ್ ಒಡೆದು, ಸ್ಪಂಜು ಪುಡಿ ಪುಡಿಯಾಗಿ ಕೆನ್ನೆಗೆ ಅಂಟುತ್ತಿತ್ತು. ನಾನು ಹಳೆಯ ಪಂಚೆ ಕತ್ತರಿಸಿ, ಬಟ್ಟಲಿಗೆ ತೊಡಿಸುವಂತೆ ಲಾಡಿ ಹಾಕಿ ಗವಸು ಹೊಲಿದೆ. ಕೊಳೆಯಾದರೆ ಒಗೆದು ಮತ್ತೆ ಹಾಕಬಹುದು. ದರ್ಜಿ ಸಾಹೇಬರು ನೋಡಿ, ಲಾಡಿಗಿಂತ ಎಲಾಸ್ಟಿಕ್ ವಾಸಿ ಎಂದು ತಮ್ಮ ಅಂಗಡಿಯ ತುಂಡು ಬಟ್ಟೆಯಲ್ಲಿ ಒಂದು ರಾಶಿ ಹೊಲಿದುಕೊಟ್ಟರು. ಹೂವಿನ ಬಟ್ಟೆ, ಗೆರೆಯ ಬಟ್ಟೆ, ಶಾಲೆಯ ಯೂನಿಫಾರ್ಮಿನ ನೀಲಿ. ಅವು ಬಂದಮೇಲೆ ವ್ಯಾಪಾರ ಸ್ವಲ್ಪ ಕುದುರಿತು. ಚಿಕ್ಕನಾಯಕನಹಳ್ಳಿ, ಹುಳಿಯಾರು ಕಡೆಯಿಂದಲೂ ಕೇಳಿಕೊಂಡು ಬಂದರು. ನಮ್ಮ ಬಾಳಿನಲ್ಲಿ ಗೆಲುವಿನ ಕಾಲ ಎಂದರೆ ಅದೊಂದೇ, ಒಂದು ಬೇಸಿಗೆ ಮತ್ತು ಒಂದು ಮಳೆಗಾಲ.

ಇನ್ನೊಂದು ದೂರು: "ಒಂದ್ ಕಡೆ ಕೇಳಲ್ಲ." ನಮ್ಮ ಕಡೆಯ ಮನೆಗಳಲ್ಲಿದ್ದ ಟೇಪ್ ರೆಕಾರ್ಡರುಗಳು ಬಹುಪಾಲು ಒಂಟಿ ಸ್ಪೀಕರಿನವು. ಈ ಹೆಡ್‌ಫೋನುಗಳು ಸ್ಟೀರಿಯೊಗೆ ಮಾಡಿದವು. ಅದರ ಪಿನ್ನು ಇದಕ್ಕೆ ಸಿಕ್ಕಿಸಿದರೆ ಒಂದು ಕಿವಿಗೆ ಮಾತ್ರ ಹಾಡು, ಇನ್ನೊಂದು ಕಿವಿ ಖಾಲಿ. ಇವರು ಪಿನ್ನು ಬಿಚ್ಚಿ, ಒಳಗಿನ ಎರಡು ವೈರು ಸೇರಿಸಿ ಬೆಸುಗೆ ಹಾಕಿಕೊಡುತ್ತಿದ್ದರು. ಕೆಲವರದು ವೈರೇ ಬುಡದಲ್ಲಿ ತುಂಡಾಗಿರುತ್ತಿತ್ತು. ಒಬ್ಬ ಮುದುಕರು ಬಂದು, ಹಾಳಾಗಿರುವುದು ಈ ವಸ್ತುವೋ ತಮ್ಮ ಕಿವಿಯೋ ಗೊತ್ತಾಗುತ್ತಿಲ್ಲ ಎಂದು ಸಂಕಟಪಟ್ಟಾಗ, ಇವರು ಹೆಡ್‌ಫೋನನ್ನು ಅವರ ತಲೆಯ ಮೇಲೆ ಹಿಂದುಮುಂದಾಗಿ ತಿರುಗಿಸಿ ಹಾಕಿದರು.

"ಈಗ ಯಾವ್ ಕಡೆ ಕೇಳಲ್ಲ ಯಜಮಾನ್ರೇ?"

"ಈಗ ಇನ್ನೊಂದ್ ಕಡೆ ಕಣಪ್ಪ."

"ಹಂಗಾದ್ರೆ ಕೆಟ್ಟಿರೋದು ಇದು. ನಿಮ್ ಕಿವಿ ಗಟ್ಟಿಯಾಗೈತೆ, ಬುಡಿ."

ಮುದುಕರು ಹಲ್ಲಿಲ್ಲದ ಬಾಯಲ್ಲಿ ನಕ್ಕರು.

ಹೊಸ ಪೆಟ್ಟಿಗೆ ಬಂದದ್ದು ಮಳೆಗಾಲ ಕಳೆದಮೇಲೆ. ಒಂದು ಹರಾಜಿನ ದಿನ ಬೆಳಿಗ್ಗೆ ಇವರು ಎದ್ದವರು ತಲೆ ತಿರುಗುತ್ತಿದೆ ಎಂದರು. ಕಿವಿಯೊಳಗೆ ದುಂಬಿ ಕೂತಂತೆ ಗುಂಯ್ ಎನ್ನುತ್ತಿದೆ ಎಂದರು. ನಾನು ಹೋಗಬೇಡಿ ಎಂದೆ. ಹರಾಜಿನ ದಿನ ಅಂಗಡಿ ಮುಚ್ಚುವುದುಂಟೆ ಎಂದು ಹೋದರು. ಮಧ್ಯಾಹ್ನ ನಾನು ಊಟ ತೆಗೆದುಕೊಂಡು ಹೋದಾಗ ಅಂಗಡಿಯ ನೆಲದ ಮೇಲೆಲ್ಲ ಹೆಡ್‌ಫೋನು ಹರಡಿತ್ತು. ಇವರು ಒಂದೊಂದೇ ಎತ್ತಿ, ಸಿಕ್ಕಿಸಿ, ಕಿವಿಗೆ ಹಾಕಿ, ತೆಗೆದು ಎಸೆಯುತ್ತಿದ್ದರು.

"ಇಡೀ ಪೆಟ್ಗೇನೇ ಹೋಗೈತೆ ಕಣೇ," ಎಂದರು. ಮುಖ ಕೆಂಪಗಾಗಿತ್ತು. "ಒಂದ್ರಲ್ಲೂ ಬಲಗಡೆ ಕೇಳ್ತಿಲ್ಲ. ಕಳ್ ನನ್ಮಗ, ಕೆಟ್ಟಿರೋ ಮಾಲು ಹಾಕ್ಬುಟ್ಟವ್ನೆ."

ನಾನು ಊಟದ ಕ್ಯಾರಿಯರು ಕೆಳಗಿಟ್ಟು ಒಂದನ್ನು ಎತ್ತಿ ಹಾಕಿಕೊಂಡೆ. ಎಡಕ್ಕೂ ಹಾಡುತ್ತಿತ್ತು, ಬಲಕ್ಕೂ ಹಾಡುತ್ತಿತ್ತು. ಇನ್ನೊಂದು ಹಾಕಿಕೊಂಡೆ. ಅದೂ ಹಾಗೆಯೇ.

"ಏನ್ರೀ, ಎರಡೂ ಕಡೆ ಬತ್ತಾ ಐತಲ್ರೀ," ಎಂದೆ.

"ನಿಂಗೇನ್ ಗೊತ್ತು? ಒಂದ್ ಕಡೆ ಜೋರಾಗ್ ಬಂದ್ರೆ ಎರಡೂ ಕಡೆ ಬಂದಂಗೆ ಇರ್ತೈತೆ," ಎಂದು ನನ್ನ ತಲೆಯಿಂದ ಕಿತ್ತುಕೊಂಡರು.

ಮುದುಕರ ತಲೆಯ ಮೇಲೆ ತಿರುಗಿಸಿ ಹಾಕಿದ್ದ ಕೈ ಅದು. ತಮ್ಮ ತಲೆಯ ಮೇಲೆ ಒಂದು ಸಲ ತಿರುಗಿಸಿ ಹಾಕಿಕೊಂಡಿದ್ದರೆ ಮುಗಿಯುತ್ತಿತ್ತು. ಅವರಿಗೆ ಅದು ಹೊಳೆಯಲಿಲ್ಲ ಎಂದು ನಾನು ನಂಬುವುದಿಲ್ಲ. ಹಾಗೆ ಮಾಡಿ ಎಂದು ಹೇಳುವ ಧೈರ್ಯ ನನಗೂ ಬರಲಿಲ್ಲ. ಅವರು ಆ ದಿನ ಊಟ ಮಾಡಲಿಲ್ಲ. ಪೆಟ್ಟಿಗೆಗೆ ಎಲ್ಲವನ್ನೂ ತುಂಬಿ ಹಗ್ಗ ಬಿಗಿದರು. ಮಾರನೆಯ ದಿನ ಬೆಂಗಳೂರಿಗೆ ಹೊರಟರು. ತಲೆ ತಿರುಗುವವರನ್ನು ಒಬ್ಬರೇ ಕಳಿಸಬಾರದು ಎಂದು ಅತ್ತೆ ನನ್ನನ್ನೂ ಹೊರಡಿಸಿದರು.

ರೈಲಿನಲ್ಲಿ ಪೆಟ್ಟಿಗೆಯನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಕೂತಿದ್ದರು. ನಾನು ಅವರ ಬಲಕ್ಕಿದ್ದೆ. ಕಡಲೆಕಾಯಿ ಬೇಕಾ ಎಂದು ಎರಡು ಸಲ ಕೇಳಿದೆ. ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ. ಎದುರಿಗಿದ್ದ ಹೆಂಗಸು ಇವರಿಗೆ ನನ್ನ ಮೇಲೆ ಕೋಪವೆಂದು ತಿಳಿದಿರಬೇಕು. ನನ್ನನ್ನು ಕನಿಕರದಿಂದ ನೋಡಿದಳು.

ಸಗಟು ವ್ಯಾಪಾರಿ ವಯಸ್ಸಾದವರು. ಇವರು ಏರಿದ ದನಿಯಲ್ಲಿ ಹೇಳುವುದನ್ನೆಲ್ಲ ಕೇಳಿಸಿಕೊಂಡರು. ಆಗಲೇ ಇವರು ತಮಗೇ ತಿಳಿಯದೆ ಎಲ್ಲ ಮಾತನ್ನೂ ಕೂಗಿ ಆಡುತ್ತಿದ್ದರು. ವ್ಯಾಪಾರಿ ಪೆಟ್ಟಿಗೆಯಿಂದ ಒಂದು ಹೆಡ್‌ಫೋನು ತೆಗೆದು ಹಾಕಿಕೊಂಡರು. ಇನ್ನೊಂದು ತೆಗೆದರು. ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ.

ಅವರಿಗೆ ಅರ್ಥವಾಯಿತು. ಎದ್ದು ಬಂದು, "ಕೂತ್ಕೊಳ್ಳಪ್ಪ," ಎಂದು ಇವರನ್ನು ಕೂರಿಸಿ, ಹೆಡ್‌ಫೋನನ್ನು ತಾವೇ ಇವರ ತಲೆಗೆ ಹಾಕಿದರು. ಹಾಡು ಹಾಕಿದರು. ಇವರು ಬಲಗೈ ಎತ್ತಿ, ಈ ಕಡೆ ಇಲ್ಲ ಎಂದು ಸನ್ನೆ ಮಾಡಿದರು. ಆಗ ವ್ಯಾಪಾರಿ ಅದನ್ನು ಮೆಲ್ಲಗೆ ಎತ್ತಿ, ತಿರುಗಿಸಿ, ಮತ್ತೆ ತಲೆಯ ಮೇಲಿಟ್ಟರು.

ಇವರ ಕೈ ಅರ್ಧ ಎದ್ದದ್ದು ಅಲ್ಲೇ ನಿಂತಿತು. ಎಡ ಬಟ್ಟಲು ಬಲಕ್ಕೆ ಬಂದಿತ್ತು. ಆದರೂ ಬಲಗಡೆ ಏನೂ ಇರಲಿಲ್ಲ. ಹಾಡು ಮುಗಿದು ಕ್ಯಾಸೆಟ್ಟು ಖಾಲಿ ಸುತ್ತುತ್ತಿದ್ದರೂ ಇವರು ಅದನ್ನು ತಲೆಯಿಂದ ತೆಗೆಯಲಿಲ್ಲ. ವ್ಯಾಪಾರಿ ಕಾಫಿ ತರಿಸಿದರು. ಇವರ ಭುಜದ ಮೇಲೆ ಕೈಯಿಟ್ಟು, "ಒಳ್ಳೆ ಡಾಕ್ಟರಿದ್ದಾರೆ, ಇವತ್ತೇ ತೋರಿಸ್ಕೊಂಡ್ ಹೋಗಿ," ಎಂದು ನನಗೆ ದಾರಿ ಹೇಳಿದರು.

ಕಿವಿ ಡಾಕ್ಟರು ದೀಪ ಬಿಟ್ಟು ನೋಡಿದರು, ಕಬ್ಬಿಣದ ಕವೆ ತಟ್ಟಿ ಹಣೆಗಿಟ್ಟರು. ನರ ಸತ್ತಿದೆ, ಬಲದ್ದು ಪೂರಾ ಹೋಗಿದೆ, ಎಡದ್ದೂ ಹೋಗುತ್ತಾ ಇದೆ ಎಂದರು. ಔಷಧ ಬರೆದರು. ಔಷಧದಿಂದ ವಾಸಿಯಾಗುತ್ತದೆಯೇ ಎಂದು ಕೇಳಿದೆ. "ಸುಮ್ಮನೆ ಆಸೆ ಹುಟ್ಟಿಸೋದಿಲ್ಲಮ್ಮ," ಎಂದರು. ಹೆಡ್‌ಫೋನಿನಿಂದ ಹೀಗಾಯಿತೇ ಎಂದೂ ಕೇಳಿದೆ. ಇದು ಮೊದಲೇ ಒಳಗಿದ್ದ ರೋಗ, ಆದರೆ ದಿನವೆಲ್ಲ ಅಷ್ಟು ಜೋರಾಗಿ ಕೇಳಿದ್ದು ಒಳ್ಳೆಯದನ್ನಂತೂ ಮಾಡಿರಲಾರದು ಎಂದರು. ಇವರು ನಮ್ಮಿಬ್ಬರ ತುಟಿಗಳನ್ನೇ ನೋಡುತ್ತ ಕೂತಿದ್ದರು. ಹೊರಗೆ ಬಂದಮೇಲೆ "ಏನಂದ್ರು?" ಎಂದು ಕೇಳಿದರು. ರಸ್ತೆಯಲ್ಲಿ, ಬಸ್ಸುಗಳ ನಡುವೆ, ನಾನು ಅದನ್ನು ಅವರ ಎಡಗಿವಿಗೆ ಕೂಗಿ ಹೇಳಬೇಕಾಯಿತು. ಹೋಗುವವರು ತಿರುಗಿ ನೋಡಿದರು.

ನಾವು ಬಂದ ಎರಡೇ ದಿನದಲ್ಲಿ ಸುದ್ದಿ ಊರಿಗೆಲ್ಲ ಗೊತ್ತಾಯಿತು. "ಆ ಕಿವಿ ಮುಚ್ಚೋ ದರಿದ್ರದಿಂದ್ಲೇ ನನ್ ಮಗನ್ ಕಿವಿ ಹೋಯ್ತು," ಎಂದು ಅತ್ತೆ ಬಾವಿಕಟ್ಟೆಯಲ್ಲಿ ಅತ್ತಿದ್ದರು. ಆ ಮಾತು ಬೀದಿಗೆ ಬಂತು, ಮಾರ್ಕೆಟ್ಟಿಗೆ ಹೋಯಿತು, ಬಸ್ಸು ಹತ್ತಿ ಹಳ್ಳಿಗಳಿಗೂ ಹೋಯಿತು. ಕೊಂಡವರು ಒಬ್ಬೊಬ್ಬರಾಗಿ ವಾಪಸ್ಸು ತರತೊಡಗಿದರು. ಸ್ಟೂಲಿನ ಮೇಲೆ ಕೂತು ಅಭಿಪ್ರಾಯ ಹೇಳಲು ಅಲ್ಲ. ಹೊರಗೇ ನಿಂತು, ಸತ್ತ ಇಲಿ ಹಿಡಿದಂತೆ ವೈರಿನ ತುದಿ ಹಿಡಿದು ಕೌಂಟರಿನ ಮೇಲೆ ಇಡುತ್ತಿದ್ದರು.

ಕೊಬ್ಬರಿ ಸಾಹುಕಾರರು ನನ್ನ ಹತ್ತಿರ, "ತಪ್ ತಿಳ್ಕೋಬ್ಯಾಡಮ್ಮ. ನಮ್ ಹುಡುಗ ಇನ್ನೂ ಬಾಳ್ಬೇಕಾದೋನು. ಮಾರೋರಿಗೇ ಹಿಂಗಾದ್ಮೇಲೆ..." ಎಂದು ಮಾತು ನಿಲ್ಲಿಸಿದರು. ಶೆಟ್ಟಿಕೆರೆಯ ಆ ತಾಯಿ ಬಂದು ನನ್ನ ಕೈ ಹಿಡಿದುಕೊಂಡು, "ನಮ್ಮೋರು ಕರದ್ರೆ ಓ ಅನ್ನಲ್ಲ ಅಂತ ನಾನು ಬೈಕಂಡಿದ್ನಲ್ಲ ಅಕ್ಕಯ್ಯ, ನೆನೆಸ್ಕೊಂಡ್ರೆ ಎದೆ ಝಲ್ ಅಂತೈತೆ," ಎಂದು ಹೆಡ್‌ಫೋನನ್ನು ಸೆರಗಿನೊಳಗಿಂದ ತೆಗೆದುಕೊಟ್ಟರು. ಡಾಕ್ಟರು ಹೀಗೆ ಹೇಳಿದ್ದಾರೆ, ರೋಗ ಬೇರೆ ಎಂದು ನಾನು ಎಲ್ಲರಿಗೂ ಹೇಳಿದೆ. ಕೇಳುವವರು ತಲೆಯಾಡಿಸುತ್ತಿದ್ದರು, ವಸ್ತುವನ್ನು ಮಾತ್ರ ಮತ್ತೆ ಮುಟ್ಟುತ್ತಿರಲಿಲ್ಲ.

ಅದಕ್ಕಿಂತ ಕೆಟ್ಟದ್ದು, ರಿಪೇರಿಗೆ ಬರುವವರೂ ಕಡಿಮೆಯಾದದ್ದು. ಕಿವಿ ಕೇಳದವನು ರೇಡಿಯೊ ಏನು ಸರಿಮಾಡಿಯಾನು ಎಂದು ಅವರು ಯೋಚಿಸಿದರೆ ಅದರಲ್ಲಿ ಅವರ ತಪ್ಪಿರಲಿಲ್ಲ. ನಾನು ಇವರ ಎದುರಿಗೆ ಕೂತು ಕೇಳಿ ಹೇಳುತ್ತಿದ್ದೆ. ಕೊರ್ ಎನ್ನುತ್ತಿದೆ, ನಿಂತಿತು, ಈಗ ಮತ್ತೆ ಬಂತು ಎಂದು. ಇವರು ನನ್ನ ಬಾಯಿ ನೋಡಿಕೊಂಡು ಬೆಸುಗೆ ಹಾಕುತ್ತಿದ್ದರು. ಹಾಗೆ ಕೆಲವು ರೇಡಿಯೊ ಸರಿಮಾಡಿದೆವು. ಆದರೆ ನನಗೆ ಸರಿಯಾದ ಪದ ಸಿಗುತ್ತಿರಲಿಲ್ಲ. "ಎಂಥಾ ಸದ್ದು? ಹರ್ದಂಗೋ, ಉಜ್ದಂಗೋ?" ಎಂದು ಕೂಗಿ ಕೇಳುತ್ತಿದ್ದರು. ನಾನು ಹರಿದಂತೆ ಎಂದರೆ ಒಂದು ಭಾಗ ಬದಲಿಸುತ್ತಿದ್ದರು, ಸದ್ದು ಹೋಗುತ್ತಿರಲಿಲ್ಲ. ಕೊನೆಗೆ ಕೈಯಲ್ಲಿದ್ದುದನ್ನು ಮೇಜಿನ ಮೇಲಿಟ್ಟು ಬೀದಿ ನೋಡುತ್ತ ಕೂತುಬಿಡುತ್ತಿದ್ದರು. ಕಿವಿಗೆ ಹಾಕುವ ಮಿಷನ್ನೂ ತಂದೆವು. ಅದನ್ನು ಹಾಕಿದರೆ ಮಾತು ಬಿಟ್ಟು ಮಿಕ್ಕಿದ್ದೆಲ್ಲ ಕೇಳುತ್ತದೆ, ಜರಡಿ ಹಿಡಿದಂತೆ ತಲೆಯೊಳಗೆ ಸದ್ದು ಎಂದು ತೆಗೆದಿಟ್ಟರು.

ಎಡಗಿವಿ ಒಂದೇ ಸಲ ಹೋಗಲಿಲ್ಲ. ಸ್ವಲ್ಪ ಸ್ವಲ್ಪವೇ, ಎರಡು ವರ್ಷ ಹಿಡಿಯಿತು. ಅದು ಹೋಗುತ್ತ ಹೋಗುತ್ತ ಅವರಲ್ಲಿ ಅನುಮಾನ ಬೆಳೆಯಿತು. ಅಂಗಡಿಯ ಮುಂದೆ ಇಬ್ಬರು ನಿಂತು ಮಾತಾಡಿದರೆ ತಮ್ಮ ಬಗ್ಗೆಯೇ ಎನ್ನುತ್ತಿದ್ದರು. ನಾನೂ ಅತ್ತೆಯೂ ಅಡಿಗೆಮನೆಯಲ್ಲಿ ಏನಾದರೂ ಮಾತಾಡಿಕೊಂಡು ನಕ್ಕರೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ಏನು? ಏನಂತೆ?" ಎಂದು ಕೇಳುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದದ್ದು ಎಂದು ಹೇಳಿದರೆ ನಂಬುತ್ತಿರಲಿಲ್ಲ. ಮೆಲ್ಲಗೆ ನಾವು ನಗುವುದನ್ನೂ ಬಿಟ್ಟೆವು. ಮನೆ ಮೂವರಿಗೂ ಕಿವುಡಾದಂತಾಯಿತು.

ದರ್ಜಿ ಸಾಹೇಬರು ಮಾತ್ರ ತಮ್ಮದನ್ನು ವಾಪಸ್ಸು ತರಲಿಲ್ಲ. ಆಗಾಗ ಬಂದು ಇವರ ಪಕ್ಕ ಕೂತು ಬೀಡಿ ಸೇದಿ ಹೋಗುತ್ತಿದ್ದರು. ಒಂದು ದಿನ ನಾನು, "ಜೋರಾಗಿ ಕೇಳ್ಬೇಡಿ ಸಾಹೇಬ್ರೆ, ಸಣ್ಣಗಿಟ್ಕೊಳ್ಳಿ," ಎಂದೆ. "ಅರ್ರೆ ತಾಯಿ, ಮೂರು ತಿಂಗ್ಳಾಯ್ತು ಅದು ಕೆಟ್ಟು," ಎಂದರು. "ರಿಪೇರಿಗೆ ತಂದ್ರೆ ಭಾಯ್‌ಗೆ ಕಷ್ಟ ಆಯ್ತದೆ ಅಂತ ಸುಮ್ಕಿದ್ದೆ." ಅದನ್ನು ನಾನು ಇವರಿಗೆ ಹೇಳಲಿಲ್ಲ.

ಅಂಗಡಿ ಮುಚ್ಚಿದೆವು. ಅದೇ ಜಾಗದಲ್ಲಿ ಬೇರೆ ಯಾರೋ ಪಾತ್ರೆ ಅಂಗಡಿ ಇಟ್ಟರು. ಇವರು ಊರಾಚೆಯ ತೋಟಕ್ಕೆ ಹೋಗಿಬರತೊಡಗಿದರು. ತೋಟದಲ್ಲೂ ಅಪಾಯವೇ. ಮರದ ಮೇಲಿನವನು ಕಾಯಿ ಕೆಡವುವ ಮುಂಚೆ ಕೂಗಿದರೆ ಇವರಿಗೆ ಕೇಳುತ್ತಿರಲಿಲ್ಲ. ಕಾಯಿ ಕೀಳುವ ದಿನ ಇವರು ಮನೆಯಲ್ಲೇ ಇರಬೇಕು ಎಂದು ಅತ್ತೆ ಕಟ್ಟಪ್ಪಣೆ ಮಾಡಿದರು. ಆ ದಿನಗಳಲ್ಲಿ ಇವರು ಜಗಲಿಯ ಮೇಲೆ ಕೂತು ಮಟ್ಟೆ ಸುಲಿಯುವವರ ಕೈಯನ್ನೇ ನೋಡುತ್ತಿರುತ್ತಿದ್ದರು. ವಾಪಸ್ಸು ಬಂದ ಹೆಡ್‌ಫೋನುಗಳನ್ನು ಯಾರೂ ಕೊಳ್ಳಲಿಲ್ಲ, ಸಗಟು ವ್ಯಾಪಾರಿಯೂ ತೆಗೆದುಕೊಳ್ಳುವ ಹಾಗಿರಲಿಲ್ಲ. ಹಳೆ ಸಾಮಾನಿನವನು ಅದರೊಳಗಿನ ತಾಮ್ರಕ್ಕೆಂದು ಒಯ್ದ.

ಅಂಗಡಿ ಮುಚ್ಚಿ ವರ್ಷವಾದಮೇಲೆ ಒಂದು ಬೆಳಿಗ್ಗೆ, ಕೆಂಕೆರೆಯವರು ಎಂದು ಹೇಳಿಕೊಂಡು ಒಬ್ಬರು ಮನೆ ಹುಡುಕಿಕೊಂಡು ಬಂದರು. ನಡುವಯಸ್ಸಿನವರು, ಕೈಯಲ್ಲಿ ಬಟ್ಟೆಯ ಚೀಲ. ನಮ್ಮ ಅಂಗಡಿಯಲ್ಲಿ ಒಮ್ಮೆ ಕೊಂಡು ಹೋಗಿದ್ದರಂತೆ. ನನಗೆ ನೆನಪಿರಲಿಲ್ಲ.

"ನಮ್ ತಂಗಿ ಹಾಸ್ಗೆ ಹಿಡ್ದು ಬಾಳ ದಿವ್ಸ ಮಲಗಿದ್ಲು ಕಣಮ್ಮ," ಎಂದರು. "ಸಣ್ಣ ಸದ್ದಾದ್ರೂ ಬೆಚ್ಚಿ ಬೀಳ್ತಿದ್ಲು. ಬೀದೀಲಿ ಲಾರಿ ಹೋದ್ರೂ ಅಳೋಳು. ನಿಮ್ ಹೆಡ್‌ಫೋನು ಹಾಕಿ, ಸಣ್ಣಗೆ ಭಜನೆ ಇಟ್ರೆ ನಿದ್ದೆ ಮಾಡೋಳು. ಜೀವ ಹೋಗೋಗಂಟ ಅದೇ ಅವ್ಳಿಗೆ ಆಸರೆಯಾಗಿತ್ತು. ಬಂದು ಹೆಂಗಿತ್ತು ಅಂತ ಹೇಳ್ಬೇಕು ಅಂತ ಅವ್ರು ಅಂದಿದ್ರಲ್ಲ. ಹೇಳಾಣ ಅಂತ ಬಂದೆ. ಇದ್ನ ಇನ್ನೇನ್ ಮಾಡ್ಲಿ, ನೀವೇ ಇಟ್ಕಳಿ."

ಚೀಲದಿಂದ ತೆಗೆದು ಜಗಲಿಯ ಮೇಲಿಟ್ಟರು. ನೀಲಿ ಯೂನಿಫಾರ್ಮಿನ ಬಟ್ಟೆಯ ಗವಸು, ಒಗೆದು ಒಗೆದು ಬಿಳಿಚಿಕೊಂಡಿತ್ತು. ಇವರು ಒಳಗಿನಿಂದ ಬಂದವರು ಮೊದಲು ಅದನ್ನು ನೋಡಿದರು, ಆಮೇಲೆ ಬಂದವರ ಮುಖ ನೋಡಿದರು. ಬಂದವರ ಕಣ್ಣಲ್ಲಿ ನೀರಿತ್ತು. ಇವರು ಏನು ತಿಳಿದುಕೊಂಡರೋ, ಕೈಯೆತ್ತಿ ತಡೆದು ಗಟ್ಟಿಯಾಗಿ ಹೇಳಿದರು:

"ಕ್ಷಮಿಸ್ಬೇಕು ಕಣ್ರೀ. ನಾನೀಗ ರಿಪೇರಿ ಮಾಡಲ್ಲ. ಕೆಟ್ಟೋಗಿದ್ರೆ ಏನೂ ಮಾಡಕ್ಕಾಗಲ್ಲ."

ಆ ಮನುಷ್ಯರು ಗಾಬರಿಯಾಗಿ ನನ್ನತ್ತ ತಿರುಗಿದರು. ನಾನು ಇವರ ಮುಂದೆ ಹೋಗಿ ನಿಂತು, ಬಾಯಿ ಅಗಲಿಸಿ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದೆ. ಚೆನ್ನಾಗಿತ್ತಂತೆ. ಕಾಯಿಲೆಯವಳಿಗೆ ನಿದ್ದೆ ಬರುತ್ತಿತ್ತಂತೆ. ಹೇಳಲಿಕ್ಕೆಂದೇ ಬಂದಿದ್ದಾರೆ.

ಇವರು ನನ್ನ ತುಟಿಗಳನ್ನು ಕೊನೆಯವರೆಗೂ ನೋಡಿದರು. "ಸುಮ್ನೆ ಹೇಳ್ತೀಯ ನೀನು," ಎಂದರು. ಬಂದವರಿಗೆ ಕೈಮುಗಿದು, ಗೋಡೆಗೆ ಒರಗಿಸಿದ್ದ ಗುದ್ದಲಿ ತೆಗೆದುಕೊಂಡು ತೋಟದ ಕಡೆ ನಡೆದರು.

ಕೆಂಕೆರೆಯವರಿಗೆ ನಾನು ಕಾಫಿ ಕೊಟ್ಟೆ. ಅವರು ಕುಡಿದು, ತಂಗಿಯ ಬಗ್ಗೆ ಇನ್ನೊಂದಿಷ್ಟು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದರು.